ಆಷಾಢದ ಗಾಳಿಗೆ ಮುಂಚೆ ಲೂವರ್ ನೋಡಿಕೊಳ್ಳುವುದು ಹೇಗೆ

ಆಷಾಢ ಶುರುವಾಗಿ ನಾಲ್ಕು ದಿನ ಆಗಿತ್ತು. ನಾಗರಬಾವಿಯ ಒಂದು ಕಟ್ಟಡದ ಮೂರನೇ ಮಹಡಿಯಿಂದ ಅಜ್ಜಿಯೊಬ್ಬರು ಫೋನ್ ಮಾಡಿದರು. "ಏನಪ್ಪಾ, ನೀನು ಹಾಕಿದ್ದು ಜಾಲರೀನಾ, ನಾಗಸ್ವರಾನಾ? ರಾತ್ರಿಯೆಲ್ಲ ಊದ್ತಾ ಇದೆ."

ಹಾಕಿದ್ದು ಲೂವರ್. ಮೆಟ್ಟಿಲ ಭಾಗಕ್ಕೆ, ಪಶ್ಚಿಮದ ಗೋಡೆಗೆ, ಅಲ್ಯೂಮಿನಿಯಂ ಪಟ್ಟಿಗಳನ್ನು ಓರೆಯಾಗಿ ಒಂದರ ಕೆಳಗೊಂದು ಜೋಡಿಸಿದ್ದೆ. ಬಿಸಿಲು, ಎರಚಲು ತಡೆಯುತ್ತದೆ, ಗಾಳಿ ಬಿಡುತ್ತದೆ. ಹೋಗಿ ನೋಡಿದರೆ ಊದುವುದು ಸಣ್ಣ ವಿಷಯ. ಮೇಲಿನಿಂದ ಐದನೇ ಪಟ್ಟಿ ಒಂದೇ ಸ್ಕ್ರೂ ಮೇಲೆ ನೇತಾಡುತ್ತಿತ್ತು. ಕೆಳಗೆ ಸಾಲಾಗಿ ಸ್ಕೂಟರ್‌ಗಳು. ನನ್ನ ಕೈಕಾಲು ತಣ್ಣಗಾಯಿತು.

ಆ ಸ್ಕ್ರೂ ಬಿಚ್ಚಿ ತೂತು ನೋಡಿದೆ. ನಾನು ಕೊರೆದದ್ದು ದುಂಡಗಿನ ತೂತು. ಅದು ಸವೆದು ಹುಣಸೆ ಬೀಜದ ಹಾಗೆ ಉದ್ದಕ್ಕೆ ಆಗಿತ್ತು. ಸುತ್ತ ಕಾಡಿಗೆ ಸವರಿದ ಹಾಗೆ ಕಪ್ಪು ಪುಡಿ. ಬೆರಳಲ್ಲಿ ಉಜ್ಜಿದರೆ ಜಾರುತ್ತಿತ್ತು. ಹೊಗೆ ಅಲ್ಲ, ಧೂಳೂ ಅಲ್ಲ. ಅಲ್ಯೂಮಿನಿಯಂ ಇನ್ನೊಂದು ಲೋಹಕ್ಕೆ ಉಜ್ಜಿ ಉಜ್ಜಿ ಉದುರಿದ ಪುಡಿ ಅದು. ಪಟ್ಟಿ ಮಾತ್ರ ಹೊಸದರ ಹಾಗೇ ಹೊಳೆಯುತ್ತಿತ್ತು.

ಕಾಮಾಕ್ಷಿಪಾಳ್ಯದಲ್ಲಿ ನನ್ನ ಫ್ಯಾಬ್ರಿಕೇಶನ್ ಶೆಡ್ ಶುರುವಾಗಿ 22 ವರ್ಷ. ಇಷ್ಟು ವರ್ಷದಲ್ಲಿ ಪಟ್ಟಿಯೇ ಮೊದಲು ಕೆಟ್ಟ ಲೂವರ್ ನಾನು ನೋಡಿದ್ದು ಬಹಳ ಕಮ್ಮಿ. ಕೆಡುವುದು ಪಟ್ಟಿಯ ತುದಿ. ಸ್ಕ್ರೂ, ರಿವೆಟ್, ಬ್ರಾಕೆಟ್, ಗೋಡೆಗೆ ಹೊಡೆದ ಬೋಲ್ಟು. ಆದರೆ ಗಿರಾಕಿಗಳು ಕೇಳುವುದು ಬಣ್ಣ ಎಷ್ಟು ವರ್ಷ ಬರುತ್ತೆ ಅಂತ. ಸ್ಕ್ರೂ ಬಗ್ಗೆ ಕೇಳಿದವರು ಕೈಬೆರಳಲ್ಲಿ ಎಣಿಸುವಷ್ಟು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಮನೆ ಕಟ್ಟಿಸುವವರಿಗೆ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬರಬಹುದು.

ಬೆಂಗಳೂರಿನ ಗಾಳಿ ಎಷ್ಟು ಜೋರು

"ನಮ್ಮೂರಲ್ಲಿ ಏನ್ ಸೈಕ್ಲೋನ್ ಬರುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಬರಲ್ಲ ನಿಜ. ಕಟ್ಟಡದ ಮೇಲೆ ಗಾಳಿಯ ಭಾರ ಲೆಕ್ಕ ಹಾಕುವುದಕ್ಕೆ ಐಎಸ್ 875 ಅನ್ನುವ ಭಾರತೀಯ ಮಾನಕ ಇದೆ. ಅದರ 3ನೇ ಭಾಗ ಗಾಳಿಗೆ ಮೀಸಲು, 2015ರಲ್ಲಿ ಪರಿಷ್ಕರಣೆ ಆಗಿದೆ. ಅದರ ಪ್ರಕಾರ ಬೆಂಗಳೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಮಂಗಳೂರಿಗೆ 39, ಚೆನ್ನೈಗೆ 50. ದೇಶದಲ್ಲೇ ಕಮ್ಮಿ ಇರುವ ವಲಯ ನಮ್ಮದು.

ಕಮ್ಮಿ ಅಂದರೂ 33 ಮೀಟರ್ ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಒತ್ತಡ ಸಿಗುತ್ತದೆ. 33ಕ್ಕೆ ಅದು ಚದರ ಮೀಟರಿಗೆ 653 ನ್ಯೂಟನ್. ನಮ್ಮ ಭಾಷೆಯಲ್ಲಿ ಹೇಳಿದರೆ ಚದರ ಅಡಿಗೆ 6 ಕೆಜಿ ಚಿಲ್ಲರೆ. 8 ಅಡಿ ಅಗಲ, 10 ಅಡಿ ಎತ್ತರದ ಒಂದು ಪ್ಯಾನಲ್ ಇದ್ದರೆ ಒಟ್ಟು ಹತ್ತಿರ ಹತ್ತಿರ ಅರ್ಧ ಟನ್. ಪಟ್ಟಿಗಳ ನಡುವೆ ಗಾಳಿ ನುಸುಳುವುದರಿಂದ ಅಷ್ಟೂ ಭಾರ ಬೀಳಲ್ಲ. ಆದರೆ ಕಟ್ಟಡದ ಮೂಲೆಯಲ್ಲಿ, ಟೆರೇಸಿನ ಪ್ಯಾರಾಪೆಟ್ ಹತ್ತಿರ ಗಾಳಿ ಸುತ್ತಿಕೊಂಡು ಹೋಗುವಾಗ ಲೆಕ್ಕಕ್ಕಿಂತ ಜಾಸ್ತಿಯೇ ಬೀಳುತ್ತದೆ. ಅಲ್ಲಿ ಗಾಳಿ ತಳ್ಳುವುದಕ್ಕಿಂತ ಹೊರಕ್ಕೆ ಎಳೆಯುವುದೇ ಹೆಚ್ಚು. ಗೋಡೆಯ ಬೋಲ್ಟು ಕಿತ್ತು ಬರುವುದು ಹಾಗೆ. ಎತ್ತರದ ಕಟ್ಟಡವಾದರೆ ಈ ಲೆಕ್ಕವನ್ನು ನನ್ನಂಥವನ ಕೈಗೆ ಬಿಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಮಾಡಿಸಿ.

ಇನ್ನೊಂದು ವಿಷಯ ನಾನು ಬಹಳ ತಡವಾಗಿ ಕಲಿತೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಜೊತೆ ಬರುವ ಗಾಳಿ ಮರ ಉರುಳಿಸುತ್ತದೆ, ಎಲ್ಲರೂ ಅದಕ್ಕೆ ಹೆದರುತ್ತಾರೆ. ಆದರೆ ಅದು ಅರ್ಧ ಗಂಟೆಯ ಆಟ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ ಬೀಸುವ ಗಾಳಿ ಹಾಗಲ್ಲ. ಜೋರು ಕಮ್ಮಿ, ಬಿಡುವೇ ಇಲ್ಲ. ಹಗಲು ರಾತ್ರಿ ಪಟ್ಟಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಸ್ಕ್ರೂ ಸಡಿಲ ಮಾಡುತ್ತದೆ. ಆಷಾಢ ಸಡಿಲ ಮಾಡಿಟ್ಟದ್ದನ್ನು ಮುಂದಿನ ಬೇಸಿಗೆಯ ಮಳೆ ಕಿತ್ತು ಹಾಕುತ್ತದೆ. ಹಾಗಾಗಿ ಪಶ್ಚಿಮ ಮತ್ತು ನೈಋತ್ಯದ ಗೋಡೆಯನ್ನು ಮೊದಲು ನೋಡಿ.

ಊದುವುದು ಯಾಕೆ, ನಿಲ್ಲಿಸುವುದು ಹೇಗೆ

ಅಜ್ಜಿಯ ನಾಗಸ್ವರಕ್ಕೆ ಎರಡು ಕಾರಣ ಇದ್ದವು. ಒಂದು, ಟೊಳ್ಳು ಪಟ್ಟಿಗಳ ತುದಿಯ ಪ್ಲಾಸ್ಟಿಕ್ ಮುಚ್ಚಳ ಮೂರು ಕಡೆ ಬಿದ್ದು ಹೋಗಿತ್ತು. ಸ್ಕೂಲಲ್ಲಿ ಪೆನ್ನಿನ ಮುಚ್ಚಳ ತುಟಿಗಿಟ್ಟು ಊದುತ್ತಿದ್ದೆವಲ್ವಾ, ಅದೇ. ಮುಚ್ಚಳ ಹಾಕಿದೆ, ಅರ್ಧ ಶಬ್ದ ನಿಂತಿತು. ಮುಚ್ಚಳ ಹಾಕುವಾಗ ಸುತ್ತ ಸಿಲಿಕೋನ್ ಮೆತ್ತಿ ಪೂರ್ತಿ ಮುಚ್ಚಿಬಿಡಬೇಡಿ. ಪಟ್ಟಿಯ ತಳದಲ್ಲಿ ನೀರು ಇಳಿಯಲು 5 ಅಥವಾ 6 ಮಿಲಿಮೀಟರಿನ ತೂತು ಇರಬೇಕು. ಎಷ್ಟು ಮುಚ್ಚಿದರೂ ನೀರು ಒಳಗೆ ಹೋಗುತ್ತದೆ. ಹೊರಗೆ ಬರುವ ದಾರಿ ಇಲ್ಲದಿದ್ದರೆ ಒಳಗಿಂದಲೇ ಕೊಳೆಯುತ್ತದೆ.

ಎರಡನೆಯದು ನನ್ನದೇ ತಪ್ಪು. ಪಟ್ಟಿ 8 ಅಡಿ ಉದ್ದ, ನಡುವೆ ಆಸರೆ ಕೊಟ್ಟಿರಲಿಲ್ಲ. ಆರ್ಕಿಟೆಕ್ಟ್‌ಗೆ ನಡುವೆ ಗೆರೆ ಕಾಣಬಾರದಿತ್ತು, ನಾನು ಹೂಂ ಅಂದುಬಿಟ್ಟಿದ್ದೆ. ಗಾಳಿ ಪಟ್ಟಿಯನ್ನು ದಾಟುವಾಗ ಹಿಂದೆ ಸುಳಿ ಬೀಳುತ್ತದೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಆ ತಾಳಕ್ಕೂ ಪಟ್ಟಿ ತಾನಾಗಿ ಅಲ್ಲಾಡುವ ತಾಳಕ್ಕೂ ಹೊಂದಿಕೆ ಆದರೆ ಮುಗಿಯಿತು, ಮೆಲ್ಲಗಿನ ಗಾಳಿಗೂ ಪಟ್ಟಿ ಝುಂ ಅನ್ನುತ್ತದೆ. ಗಟ್ಟಿ ಪಟ್ಟಿಗೆ ಈ ಕಾಟ ಕಮ್ಮಿ. ಗಟ್ಟಿ ಆಗುವುದು ದಪ್ಪದಿಂದ ಮಾತ್ರ ಅಲ್ಲ, ಉದ್ದ ಕಮ್ಮಿ ಮಾಡುವುದರಿಂದ. ಅದೇ ಪಟ್ಟಿ, ಅದೇ ಗಾಳಿ. ಆಸರೆಗಳ ನಡುವಿನ ಅಂತರ ಎರಡು ಪಟ್ಟು ಆದರೆ ಬಾಗುವುದು 16 ಪಟ್ಟು ಜಾಸ್ತಿ. ಎರಡು ಪಟ್ಟು ಅಲ್ಲ, 16. ನಡುವೆ ಒಂದು ಉದ್ದದ ಫಿನ್, ಅಂದರೆ ಪಟ್ಟಿಗಳನ್ನು ಹಿಡಿಯುವ ನೆಟ್ಟಗಿನ ಆಸರೆ ಕೊಟ್ಟು 4 ಅಡಿಗೆ ಇಳಿಸಿದೆ. ಅವತ್ತಿಂದ ಅಜ್ಜಿಗೆ ನಿದ್ದೆ.

ಈಗ ನಾನು ತೆಳು ಪಟ್ಟಿಗೆ 4 ಅಡಿ ಮೀರಲು ಬಿಡುವುದಿಲ್ಲ. ಗೆರೆ ಕಾಣಬಾರದು ಅನ್ನುವವರಿಗೆ ಫಿನ್ ಅನ್ನು ಹಿಂಭಾಗದಿಂದ ಕೊಡುತ್ತೇನೆ, ಅದಕ್ಕೂ ಒಪ್ಪದಿದ್ದರೆ ಕೆಲಸ ಬಿಡುತ್ತೇನೆ.

ಮಧ್ಯಾಹ್ನ ಲೂವರ್ ಟಕ್ ಟಕ್ ಅನ್ನುತ್ತೆ ಅಂತ ಕೆಲವರು ಹೇಳುತ್ತಾರೆ. ಅದು ಗಾಳಿ ಅಲ್ಲ, ಬಿಸಿಲು. 3 ಮೀಟರ್ ಉದ್ದದ ಅಲ್ಯೂಮಿನಿಯಂ 40 ಡಿಗ್ರಿ ಬಿಸಿ ಏರಿದರೆ ಹೆಚ್ಚು ಕಡಿಮೆ 3 ಮಿಲಿಮೀಟರ್ ಉದ್ದ ಆಗುತ್ತದೆ. ಕಪ್ಪು ಬಣ್ಣದ ಪಟ್ಟಿ, ಪಶ್ಚಿಮದ ಬಿಸಿಲು, ಅಷ್ಟು ಏರುವುದು ಕಷ್ಟವೇನಲ್ಲ. ಎರಡೂ ತುದಿ ಬಿಗಿದಿದ್ದರೆ ಆ 3 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಪಟ್ಟಿ ಡೊಂಕಾಗುತ್ತದೆ, ಇಲ್ಲ ಸ್ಕ್ರೂ ಕತ್ತರಿಸುತ್ತದೆ. ಒಂದು ತುದಿ ಬಿಗಿ, ಇನ್ನೊಂದು ತುದಿಗೆ ಉದ್ದ ತೂತು, ನಡುವೆ ನೈಲಾನ್ ವಾಷರ್. ಅಷ್ಟು ಸಾಕು.

ನೋಡುವ ಕ್ರಮ

ಮೇ ತಿಂಗಳ ಕೊನೆಯೊಳಗೆ ಒಮ್ಮೆ, ಮಳೆ ಮುಗಿದ ಮೇಲೆ ಡಿಸೆಂಬರ್ ಕೊನೆಗೆ ಒಮ್ಮೆ. ಬೇಕಾಗುವುದು ಒಂದು ಬಿಳಿ ಬಟ್ಟೆ, ಟಾರ್ಚ್, ಉದ್ದದ ಸ್ಕ್ರೂಡ್ರೈವರ್, ಮಗಳ ನೇಲ್ ಪಾಲಿಶ್. ನೇಲ್ ಪಾಲಿಶ್ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕೈಗೆ ಸಿಗುವುದನ್ನು ಮಾತ್ರ ಒಳಗಡೆಯಿಂದ ನೋಡಿ. ಹೊರಗೆ ಬಗ್ಗಬೇಡಿ, ಲೂವರ್ ಹಿಡಿದು ನಿಲ್ಲಲೇಬೇಡಿ. ಮೇಲಿನದನ್ನು ಎದುರಿನ ಟೆರೇಸಿನಿಂದ ಮೊಬೈಲಲ್ಲಿ ಜೂಮ್ ಮಾಡಿ ಫೋಟೋ ತೆಗೆಯಿರಿ. ಅದಕ್ಕೂ ಮೀರಿದ್ದಕ್ಕೆ ಹಗ್ಗದ ಮೇಲೆ ಇಳಿದು ಕೆಲಸ ಮಾಡುವವರನ್ನು ಕರೆಯಿರಿ, ಅವತ್ತು ಕೆಳಗಿನ ಗಾಡಿಗಳನ್ನೆಲ್ಲ ತೆಗೆಸಿ. ನಮ್ಮ ಏರಿಯಾಗಳಲ್ಲಿ ಬೆಸ್ಕಾಂ ಲೈನ್ ಬಾಲ್ಕನಿಗೆ ಕೈಗೆಟುಕುವಷ್ಟು ಹತ್ತಿರ ಇರುತ್ತದೆ. ಉದ್ದದ ಲೋಹದ ಪಟ್ಟಿ ಹಿಡಿದು ಅಲ್ಲಿ ಕೆಲಸ ಮಾಡುವುದಿದ್ದರೆ ಮೊದಲು ಕರೆಂಟ್ ತೆಗೆಸಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಮೊದಲು ಪ್ರತಿ ಪಟ್ಟಿಯ ತುದಿಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬೂದು ಕೆಂಪು ಬಂದರೆ ರೋಡಿನ ಧೂಳು. ಎಣ್ಣೆಮಸಿಯ ಹಾಗೆ ಕಪ್ಪು ಬಂದರೆ ಅಲ್ಲಿ ಪಟ್ಟಿ ಅಲ್ಲಾಡುತ್ತಿದೆ, ನಾಳೆಯೇ ಬಿಗಿಸಿ. ಆಮೇಲೆ ಪಟ್ಟಿಯ ನಡುವೆ ಅಂಗೈ ಇಟ್ಟು ಹಗುರವಾಗಿ ತಳ್ಳಿ ಬಿಡಿ. ಸುಮ್ನೆ ಬಾಗಿ ಬಂದರೆ ಸರಿ, ತುದಿಯಲ್ಲಿ ಕಟಕ್ ಅಂದರೆ ಸರಿಯಿಲ್ಲ. ತೂತು ಸವೆದು ಉದ್ದ ಆಗಿದ್ದರೆ ಅದೇ ತೂತಿಗೆ ದಪ್ಪ ಸ್ಕ್ರೂ ಹಾಕಿ ಮುಗಿಸುತ್ತಾರೆ ನಮ್ಮವರು. ಹಾಗೆ ಮಾಡಿಸಬೇಡಿ. ಪಕ್ಕದಲ್ಲಿ ಹೊಸ ತೂತು ಕೊರೆದು ನಟ್ಟು ಬೋಲ್ಟು ಹಾಕಿಸಿ, ನಟ್ಟು ನೈಲಾನ್ ರಿಂಗ್ ಇರುವ ನೈಲಾಕ್ ಆಗಿರಲಿ. ಬಿಗಿದ ಮೇಲೆ ನಟ್ಟಿನಿಂದ ಬ್ರಾಕೆಟ್‌ವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಬಂದಾಗ ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಕೆಂಪು ಬಣ್ಣ ಒಳ್ಳೆಯದು. ಮಗಳು ಬೈಯುತ್ತಾಳೆ, ಬೈಯಲಿ.

ಗೋಡೆಯ ಬೋಲ್ಟು ನೋಡುವಾಗ ಅದು ಯಾವುದಕ್ಕೆ ಕೂತಿದೆ ಅನ್ನುವುದು ಮುಖ್ಯ. ಕಾಂಕ್ರೀಟ್ ಬೀಮ್‌ಗೋ ಸ್ಲ್ಯಾಬ್ ಅಂಚಿಗೋ ಇದ್ದರೆ ಒಳ್ಳೆಯದು. 4 ಇಂಚಿನ ಬ್ಲಾಕ್ ಗೋಡೆಗೆ, ಅದೂ ಹಾಲೋ ಬ್ಲಾಕಿಗೆ, ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದ್ದರೆ ಅದು ಗೋಡೆ ಗಡಿಯಾರಕ್ಕೆ ಸಾಕು, ಲೂವರ್‌ಗೆ ಸಾಲದು.

ತುಕ್ಕು ಎಲ್ಲಿಂದ ಬರುತ್ತದೆ

ನಮ್ಮ ಭಾವನ ಮನೆ ಕುಮಟಾದಲ್ಲಿ. ಅಲ್ಲಿ ಸಮುದ್ರದ ಉಪ್ಪಿಗೆ ಹೆದರಿ ಎಲ್ಲರೂ ಲೋಹ ಆರಿಸುವಾಗ ಎರಡು ಸಲ ಯೋಚಿಸುತ್ತಾರೆ, ಸ್ಕ್ರೂ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 316 ಗ್ರೇಡ್ ಬೇಕು ಅಂತ ಕೇಳಿ ತರುತ್ತಾರೆ. ಬೆಂಗಳೂರು ಸಮುದ್ರದಿಂದ ದೂರ, 900 ಮೀಟರ್ ಎತ್ತರ, ಆ ಭಯ ಇಲ್ಲ. ಆ ಧೈರ್ಯಕ್ಕೇ ನಾವು ಕೆಡಿಸುತ್ತೇವೆ. ಇಲ್ಲಿ ತುಕ್ಕು ಹಿಡಿಸುವುದು ಜಾಸ್ತಿ ನಮ್ಮದೇ ಕೈ.

ಮೊದಲನೆಯ ಕೈ, ಟೈಲ್ಸ್ ತೊಳೆಯುವ ಆ್ಯಸಿಡ್. ರಾಜರಾಜೇಶ್ವರಿ ನಗರದಲ್ಲಿ ಒಂದು ಮನೆಗೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಲೂವರ್ ಹಾಕಿ ಬಂದೆ. ಗೃಹಪ್ರವೇಶಕ್ಕೆ ಎರಡು ದಿನ ಇತ್ತು. ಮೇಲಿನ ಬಾಲ್ಕನಿಯ ಗ್ರಾನೈಟ್ ಮೇಲೆ ಸಿಮೆಂಟ್ ಕಲೆ ಇದೆ ಅಂತ ಯಾರೋ ಆ್ಯಸಿಡ್ ಸುರಿದು ಉಜ್ಜಿದರು. ಅದು ಸೋರಿ ಕೆಳಗಿನ ಪಟ್ಟಿಗಳ ಮೇಲೆ ಇಳಿಯಿತು. ಸತು ನೊರೆ ಎದ್ದು ಕರಗಿತು. ಮುಂದಿನ ಮಳೆಗೆ ಕೆಂಪು ಗೆರೆಗಳು, ಗೋಡೆಯ ಬಿಳಿ ಪೇಂಟ್ ಮೇಲೂ. ಫೋನ್ ಬಂದದ್ದು ನನಗೆ! ಆ್ಯಸಿಡ್ ಸ್ಟೀಲನ್ನೂ ಬಿಡಲ್ಲ, ಎಸ್‌ಎಸ್ ಕೂಡ ಕಲೆ ಬೀಳುತ್ತದೆ. ಅಲ್ಯೂಮಿನಿಯಂಗೆ ಇದರ ಜೊತೆ ಇನ್ನೊಂದು ಶತ್ರು, ಹಸಿ ಸಿಮೆಂಟ್ ಮತ್ತು ಸುಣ್ಣ. ಗಾರೆ ಸಿಡಿದು ಒಣಗಿದರೆ ಕೆಳಗೆ ಲೋಹ ತಿಂದು ಬಿಳಿ ಮಚ್ಚೆ ಉಳಿಯುತ್ತದೆ. ಉಜ್ಜಿದರೆ ಹೋಗಲ್ಲ. ಪ್ಲಾಸ್ಟರಿಂಗ್, ಪೇಂಟಿಂಗ್, ಆ್ಯಸಿಡ್ ವಾಶ್ ಎಲ್ಲ ಮುಗಿದ ಮೇಲೆ ಲೂವರ್ ಹಾಕಿಸಿ. ಎಷ್ಟೇ ಅವಸರ ಮಾಡಿದರೂ ಈ ಕ್ರಮ ತಪ್ಪಿಸಬೇಡಿ.

ಎರಡನೆಯದು ಲೋಹಗಳ ಜಗಳ. ಕಬ್ಬಿಣದ ಆಂಗಲ್ ಮೇಲೆ ನೇರವಾಗಿ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ನಡುವೆ ನೀರು ನಿಂತರೆ ಅಲ್ಯೂಮಿನಿಯಂ ತಾನು ಸವೆಯುತ್ತದೆ. ಬಿಳಿ ಹಿಟ್ಟಿನ ಹಾಗೆ ಉಬ್ಬುತ್ತದೆ. ನಡುವೆ ಇಪಿಡಿಎಂ ರಬ್ಬರ್ ಅಥವಾ ನೈಲಾನ್ ಪಟ್ಟಿ ಇಡಿ. ಎಸ್‌ಎಸ್ ಸ್ಕ್ರೂ ಅಲ್ಯೂಮಿನಿಯಂಗೆ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು. ಸಣ್ಣ ಸ್ಕ್ರೂ, ದೊಡ್ಡ ಪಟ್ಟಿ, ಹಾನಿ ಹರಡಿ ಹೋಗುತ್ತದೆ. ಕೆಳಗೆ ಒಂದು ರಬ್ಬರ್ ವಾಷರ್ ಇದ್ದರೆ ಇನ್ನೂ ನಿಶ್ಚಿಂತೆ. ತಾಮ್ರ ಮಾತ್ರ ಹತ್ತಿರ ಬರಬಾರದು. ಲೂವರ್ ಹಿಂದೆ ಎಸಿ ಔಟ್‌ಡೋರ್ ಇಟ್ಟು, ತಾಮ್ರದ ಪೈಪಿನ ಕಪ್ಪು ಫೋಮ್ ಹರಿದು, ಅದರ ಬೆವರು ತೊಟ್ಟು ತೊಟ್ಟಾಗಿ ಪಟ್ಟಿಯ ಮೇಲೆ ಬೀಳುವುದನ್ನು ಎಷ್ಟೋ ಅಪಾರ್ಟ್‌ಮೆಂಟಲ್ಲಿ ನೋಡಿದ್ದೇನೆ. ಬಿದ್ದ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತಾ ಹೋಗುತ್ತದೆ. ಫೋಮ್ ಬದಲಿಸುವುದು ಹತ್ತು ನಿಮಿಷದ ಕೆಲಸ.

ಮೂರನೆಯದು ಪಾರಿವಾಳ. ಓರೆ ಪಟ್ಟಿ ಅಂದರೆ ಅವಕ್ಕೆ ಹೇಳಿ ಮಾಡಿಸಿದ ಜಗಲಿ. ಹಿಕ್ಕೆ ಬಿದ್ದು ಒದ್ದೆ ಹಿಡಿದಿಟ್ಟುಕೊಂಡರೆ ಪೌಡರ್ ಕೋಟಿಂಗ್ ಕೂಡ ಕೆಡುತ್ತದೆ. ಒಣಗಿದ್ದನ್ನು ಗುಡಿಸಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ನೀರಲ್ಲಿ ನೆನೆಸಿ ತೆಗೆಯಿರಿ, ಹಿಂದೆ ಬಲೆ ಕಟ್ಟಿಸಿ.

ತೊಳೆಯುವುದು ಸುಲಭ. ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಮುಚ್ಚಳ, ಮೆತ್ತಗಿನ ಬಟ್ಟೆ, ಆಮೇಲೆ ಬರೀ ನೀರು. ಆದರೆ ಪಟ್ಟಿಯ ಅಡಿಭಾಗ ಮರೆಯಬೇಡಿ. ಮೇಲ್ಭಾಗವನ್ನು ಮಳೆಯೇ ತೊಳೆಯುತ್ತದೆ. ಅಡಿಗೆ ಮಳೆ ತಾಗಲ್ಲ, ಧೂಳು ಕೂತು, ರಾತ್ರಿಯ ತೇವ ಹೀರಿ, ಅಲ್ಲೇ ಮೊದಲು ಕೆಡುವುದು. ನವೆಂಬರಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಕ್ಕೆ ಮೂರು ದಿನ ಬಿಡದೆ ಜಿಟಿಜಿಟಿ ಹಿಡಿಯುತ್ತಲ್ಲ, ಅದು ಜೋರು ಮಳೆಗಿಂತ ಕೆಟ್ಟದ್ದು. ಒಣಗುವುದಕ್ಕೇ ಬಿಡುವು ಕೊಡಲ್ಲ.

ಹೊಸದಾಗಿ ಹಾಕಿಸುವುದಾದರೆ

ಎಸ್‌ಪಿ ರೋಡಿನಲ್ಲಿ ಸ್ಟೀಲ್ ಸ್ಕ್ರೂ ಕೇಳಿದರೆ ಎರಡು ಬೆಲೆ ಹೇಳುತ್ತಾರೆ. ಕಮ್ಮಿ ಬೆಲೆಯದು ಸಾಮಾನ್ಯವಾಗಿ 202, ಜಾಸ್ತಿಯದು 304. 202ರಲ್ಲಿ ನಿಕಲ್ ಕಮ್ಮಿ, ಮ್ಯಾಂಗನೀಸ್ ಜಾಸ್ತಿ, ತುಕ್ಕು ಬೇಗ ಹಿಡಿಯುತ್ತದೆ. ಹೊಳಪು ಎರಡಕ್ಕೂ ಒಂದೇ. ಅಯಸ್ಕಾಂತ ಹಿಡಿದು ನೋಡಿ ಅನ್ನುತ್ತಾರೆ, ಅದರಿಂದ ಈ ಎರಡರ ವ್ಯತ್ಯಾಸ ಗೊತ್ತಾಗಲ್ಲ. ಗ್ರೇಡ್ ನೋಡುವ ಟೆಸ್ಟ್ ಲಿಕ್ವಿಡ್ ಬಾಟಲಿ ಸಿಗುತ್ತದೆ, ಒಂದು ಹನಿ ಬಿಟ್ಟು ಬಣ್ಣ ನೋಡಬೇಕು. ನಾನು ಶೆಡ್ಡಲ್ಲಿ ಇಟ್ಟಿದ್ದೇನೆ. ಇಡೀ ಲೂವರ್‌ನ ಖರ್ಚಿನಲ್ಲಿ ಸ್ಕ್ರೂ ಖರ್ಚು ಚಿಲ್ಲರೆ, ಉಳಿಸುವುದು ಮಾತ್ರ ಎಲ್ಲರೂ ಅಲ್ಲೇ. ಪಾಪ್ ರಿವೆಟ್ ಕೂಡ ನೋಡಿ. ತಲೆ ಅಲ್ಯೂಮಿನಿಯಂ ಇದ್ದರೂ ಒಳಗಿನ ಮೊಳೆ ಕಬ್ಬಿಣದ್ದಾದರೆ ಪ್ರತಿ ರಿವೆಟ್‌ನಿಂದ ಒಂದು ಕೆಂಪು ಕಣ್ಣೀರು ಇಳಿಯುತ್ತದೆ.

ಪಟ್ಟಿಗೆ ಅಲ್ಯೂಮಿನಿಯಂ 6063 ಒಳ್ಳೆಯದು. ಪೌಡರ್ ಕೋಟಿಂಗ್ 60ರಿಂದ 80 ಮೈಕ್ರಾನ್ ಇರಲಿ, ಅಳೆಯುವ ಸಣ್ಣ ಮೀಟರ್ ಇರುತ್ತದೆ, ಎದುರಿಗೇ ಅಳೆಸಿ. ಮೊದಲು ಕತ್ತರಿಸಿ, ತೂತು ಕೊರೆದು, ಆಮೇಲೆ ಕೋಟಿಂಗ್ ಮಾಡಿಸುವುದು ಸರಿಯಾದ ಕ್ರಮ. ಜಿಐ ಶೀಟ್ ಆದರೆ ಸತು ಎಷ್ಟು ಅಂತ ಕೇಳಿ. ಎರಡೂ ಬದಿ ಸೇರಿ ಚದರ ಮೀಟರಿಗೆ 120 ಗ್ರಾಂ ಅಂದರೆ ಒಂದು ಬದಿಗೆ 8 ಮೈಕ್ರಾನ್ ಚಿಲ್ಲರೆ, 275 ಅಂದರೆ 19. ಹೊರಗೋಡೆಗೆ 275 ಇರಲಿ. ಜಿಐ ಮೇಲೆ ವೆಲ್ಡಿಂಗ್ ಹೊಡೆದರೆ ಸತು ಸುಟ್ಟು ಹೋಗುತ್ತದೆ, ಅಲ್ಲಿಗೆ ಜಿಂಕ್ ಪ್ರೈಮರ್ ಕಡ್ಡಾಯ. ಬರೀ ಕಬ್ಬಿಣದ ಫ್ರೇಮ್‌ಗೆ ರೆಡ್ ಆಕ್ಸೈಡ್ ಬಳಿದು ಕೈ ತೊಳೆದುಕೊಂಡರೆ ನನ್ನ ಅನುಭವದಲ್ಲಿ ಮೂರನೇ ಮಳೆಗಾಲಕ್ಕೆ ತುಕ್ಕು ಮೇಲೆ ಬರುತ್ತದೆ. ಹಳೆಯ ಫ್ರೇಮ್ ಇದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಮೇಲಿನ ಪುಡಿ ಉದುರಿ ಒಳಗೆ ಗಟ್ಟಿ ಸಿಕ್ಕರೆ ಉಜ್ಜಿ, ಲೋಹ ಹೊಳೆಯುವವರೆಗೆ ತೆಗೆದು, ಅವತ್ತೇ ಪ್ರೈಮರ್ ಹೊಡೆಯಿರಿ. ಪದರ ಪದರವಾಗಿ ಹಪ್ಪಳದ ಹಾಗೆ ಏಳುತ್ತಿದ್ದರೆ ಪೇಂಟ್‌ಗೆ ದುಡ್ಡು ಹಾಕಬೇಡಿ, ಆ ತುಂಡು ಬದಲಿಸಿ.

ಹಳೇ ಬೆಂಗಳೂರಿನ ಬಂಗಲೆಗಳಲ್ಲಿ ಕಿಟಕಿ ಮೇಲೆ ಮಂಕಿ ಟಾಪ್ ಅಂತ ಮರದ ಪಟ್ಟಿಯ ಚೂಪು ಮಾಡು ಇರುತ್ತಿತ್ತು. ಬಸವನಗುಡಿ ಕಡೆ ಹೋದಾಗ ಉಳಿದದ್ದು ಕಂಡರೆ ನಿಂತು ನೋಡುತ್ತೇನೆ. ಪಟ್ಟಿಗಳು ಗಿಡ್ಡ, ಆಸರೆ ಹತ್ತಿರ ಹತ್ತಿರ, ಒಡೆದರೆ ಒಂದೇ ಪಟ್ಟಿ ಬದಲಿಸಬಹುದು. ಆ ಬಡಗಿಗಳಿಗೆ ಐಎಸ್ 875 ಇರಲಿಲ್ಲ.

ಬದಲಿಸುವ ಮಾತು ಬಂತಲ್ಲ. ಕೆಲಸ ಮುಗಿಸಿ ದುಡ್ಡು ಕೊಡುವ ಮುಂಚೆ ಎರಡು ಪಟ್ಟಿ, ಒಂದು ಹಿಡಿ ಸ್ಕ್ರೂ ಜಾಸ್ತಿ ತೆಗೆದಿಟ್ಟುಕೊಳ್ಳಿ, ಬಣ್ಣದ ಕೋಡ್ ಬರೆದಿಡಿ. ಐದು ವರ್ಷ ಬಿಟ್ಟು ಅದೇ ಅಚ್ಚಿನ ಪಟ್ಟಿ ಹುಡುಕಿದರೆ ಸಿಗುವುದು ಕಷ್ಟ. ನಾಗರಬಾವಿಯಲ್ಲಿ ಹಾಗೆ ಎರಡು ಪಟ್ಟಿ ಟೆರೇಸಿನ ಮೆಟ್ಟಿಲ ಪಕ್ಕ ಇಟ್ಟು ಬಂದಿದ್ದೆ. ಹೋದ ಬೇಸಿಗೆಯಲ್ಲಿ ನಟ್ಟು ನೋಡಲು ಹೋದಾಗ ಪಟ್ಟಿ ಜಾಗದಲ್ಲಿರಲಿಲ್ಲ. ಅಜ್ಜಿ ಟೆರೇಸಲ್ಲಿ ಸಂಡಿಗೆ ಇಟ್ಟು, ಬಟ್ಟೆ ಗಾಳಿಗೆ ಹಾರದಿರಲಿ ಅಂತ ಎರಡೂ ಅಂಚಿಗೆ ಅವನ್ನು ಭಾರಕ್ಕೆ ಇಟ್ಟಿದ್ದರು. "ಉಪ್ಪು ತಾಗುತ್ತೆ ಅಜ್ಜಿ, ಆಮೇಲೆ ಒಂದು ಸಲ ನೀರಲ್ಲಿ ಒರೆಸಿಡಿ" ಅಂದೆ. ಒರೆಸಿಟ್ಟರು. ನನಗೂ ಒಂದು ಡಬ್ಬಿ ಸಂಡಿಗೆ ಬಂತು.